ಅಜ್ಜಿ ಅಂದರೆ ಪ್ರಾಣ, ಅಜ್ಜಿಯರ ವಾರ್ಡ್ ಅಂದರೆ ಸಂಕಟ: ನಾನು ನರ್ಸ್ ಆಗೋಕೆ ಲಾಯಕ್ಕಾ?

ಪ್ರಶ್ನೆ: ಮೇಡಂ, ನಾನು ಬಿ.ಎಸ್‌ಸಿ. ನರ್ಸಿಂಗ್ ಮೂರನೇ ವರ್ಷದಲ್ಲಿದ್ದೇನೆ. ಊರು ಹಾಸನದ ಕಡೆ ಒಂದು ಹಳ್ಳಿ. ಚಿಕ್ಕಂದಿನಿಂದ ಅಜ್ಜಿ ಜೊತೆ ಬೆಳೆದವಳು, ಅಜ್ಜಿ ಅಂದರೆ ಪ್ರಾಣ. ಆದರೆ ಮೂರು ವಾರದಿಂದ ಫೀಮೇಲ್ ಮೆಡಿಕಲ್ ವಾರ್ಡ್ ಪೋಸ್ಟಿಂಗ್. ಅರ್ಧಕ್ಕಿಂತ ಹೆಚ್ಚು ಜನ ವಯಸ್ಸಾದವರು. ಡೈಪರ್ ಬದಲಿಸುವಾಗ ವಾಂತಿ ಬಂದ ಹಾಗಾಗುತ್ತದೆ. ಒಂದೇ ಮಾತನ್ನು ಹತ್ತು ಸಲ ಕೇಳಿದರೆ ಸಿಟ್ಟು ಬರುತ್ತದೆ. ಮೊನ್ನೆ ಒಬ್ಬ ಅಜ್ಜಿಗೆ ಎಲ್ಲರೆದುರು ಗದರಿಬಿಟ್ಟೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಆ ರಾತ್ರಿ ಹಾಸ್ಟೆಲ್‌ನಲ್ಲಿ ನಿದ್ದೆ ಬರಲಿಲ್ಲ. ಸೀನಿಯರ್‌ಗಳು 'ಇದೆಲ್ಲ ಆಯಾ ಕೆಲಸ, ಮುಂದೆ ಐಸಿಯು ತಗೋ' ಅನ್ನುತ್ತಾರೆ. ಮನೆಯಲ್ಲಿ ಜರ್ಮನಿಗೆ ಹೋಗು ಅಂತಿದ್ದಾರೆ. ಅಲ್ಲೂ ವಯಸ್ಸಾದವರೇ ಜಾಸ್ತಿಯಂತೆ. ನನ್ನಲ್ಲೇ ಏನೋ ಕೊರತೆ ಇದೆಯಾ? (ಹೆಸರು ಬೇಡ)

ಉತ್ತರ: ನಿನ್ನ ವಯಸ್ಸಿನ ಮಕ್ಕಳಿಗೆ ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ? ಈ ನೀನು, ನೀವು ವಿಷಯಕ್ಕೆ ಆಮೇಲೆ ಬರುತ್ತೇನೆ.

ಲಾಯಕ್ಕಿದ್ದೀಯ. ಗದರಿದ ಮೇಲೆ ನಿದ್ದೆ ಬರದವಳ ಬಗ್ಗೆ ನನಗೆ ಚಿಂತೆಯಿಲ್ಲ. ಗದರಿ, ಹೋಗಿ ಗಡದ್ದಾಗಿ ನಿದ್ದೆ ಹೊಡೆಯುವವರನ್ನೂ ನೋಡಿದ್ದೇನೆ. ಆದರೆ ನಿನ್ನ ಲೆಕ್ಕದಲ್ಲಿ ಒಂದು ತಪ್ಪಿದೆ. ಸ್ವಂತ ಅಜ್ಜಿಯನ್ನು ಪ್ರೀತಿಸುವವಳಿಗೆ ವಾರ್ಡಿನ ಅಜ್ಜಿಯರ ಸೇವೆ ತಾನಾಗಿಯೇ ಬರಬೇಕು ಅಂದುಕೊಂಡಿದ್ದೀಯ. ಹಾಗೆ ಬರುವುದಿಲ್ಲ. ನಿನ್ನ ಅಜ್ಜಿ ನಿನಗೆ ಜಡೆ ಹೆಣೆದವರು, ತುತ್ತು ಮಾಡಿ ತಿನ್ನಿಸಿದವರು. ಅವರ ಕಥೆಯೆಲ್ಲ ನಿನ್ನ ಹತ್ತಿರ ಇದೆ. ವಾರ್ಡಿನಲ್ಲಿ ಮಲಗಿರುವವರ ಕಥೆ ನಿನಗೆ ಗೊತ್ತಿಲ್ಲ. ಗೊತ್ತಿರುವುದು ಕೇಸ್ ಶೀಟು, ವಾಸನೆ, ಬಿಡದೆ ಕರೆಯುವ ಒಂದು ದನಿ. ಪ್ರೀತಿ ಹುಟ್ಟಲಿ ಅಂತ ಕಾಯುತ್ತಾ ಕೂತರೆ ಪೋಸ್ಟಿಂಗೇ ಮುಗಿದುಹೋಗುತ್ತದೆ. ನೋಡುವುದನ್ನು ಕಲಿ. ಏನು ನೋಡಬೇಕು ಅಂತ ಗೊತ್ತಾದ ಮೇಲೆ ಬೇಸರ ಅರ್ಧ ಇಳಿಯುತ್ತದೆ. ಉಳಿದರ್ಧ ಹಾಗೇ ಇರುತ್ತದೆ. ನನಗೂ ಇದೆ.

ನಿನಗೆ ಅನ್ನಿಸಿದ್ದು ನಿನಗೊಬ್ಬಳಿಗೇ ಅಲ್ಲ. 1961ರಲ್ಲಿ ನೇಥನ್ ಕೋಗನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಪ್ರಶ್ನಾವಳಿ ತಯಾರಿಸಿದರು. ವಯಸ್ಸಾದವರ ಬಗ್ಗೆ 34 ಮಾತುಗಳು. 17 ಒಳ್ಳೆಯವು, 17 ಕೆಟ್ಟವು, ಜೋಡಿ ಜೋಡಿಯಾಗಿ. ಯಾವುದನ್ನು ಎಷ್ಟು ಒಪ್ಪುತ್ತೀರಿ ಅಂತ ಗುರುತು ಹಾಕಬೇಕು. ಇವತ್ತಿಗೂ ಎಷ್ಟೋ ದೇಶಗಳಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಕೈಗೆ ಇದನ್ನೇ ಕೊಡುತ್ತಾರೆ. ಬಹಳ ಕಡೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ ಥರ. ದ್ವೇಷ ಇಲ್ಲ, ದೊಡ್ಡ ಒಲವೂ ಇಲ್ಲ. ನಡುವೆ ಎಲ್ಲೋ, ಸ್ವಲ್ಪ ಒಳ್ಳೆಯ ಕಡೆಗೆ ವಾಲಿದ ಹಾಗೆ. ಆದರೆ ಓದು ಮುಗಿಸಿ ಯಾವ ವಿಭಾಗಕ್ಕೆ ಹೋಗುತ್ತೀರಿ ಅಂತ ಕೇಳಿ ನೋಡಿ, ವಯಸ್ಸಾದವರ ಆರೈಕೆ ಪಟ್ಟಿಯ ತಳದಲ್ಲಿರುತ್ತದೆ. ಮಕ್ಕಳ ವಾರ್ಡ್, ಐಸಿಯು, ಆಪರೇಷನ್ ಥಿಯೇಟರ್ ಎಲ್ಲ ಮೇಲೆ. ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿಗಳನ್ನು ಸೇರಿದಾಗಿನಿಂದ ಕೊನೆಯ ವರ್ಷದವರೆಗೆ ಹಿಂಬಾಲಿಸಿ ಕೇಳಿದಾಗ, ಸೇರುವಾಗ ಇದ್ದಷ್ಟು ಆಸಕ್ತಿಯೂ ಮುಗಿಸುವಾಗ ಉಳಿದಿರಲಿಲ್ಲ. ಓದಿದಷ್ಟೂ ಕಮ್ಮಿ! ಹಾಗಿದ್ದರೆ ತಪ್ಪು ಯಾರದು ಹೇಳು? ಕಲಿಸುವವರಾದ ನಾವು ಇದರಲ್ಲಿ ದೊಡ್ಡ ಪಾಲು ತೆಗೆದುಕೊಳ್ಳಬೇಕು ಅಂತ ನಾನು ಹೇಳುತ್ತೇನೆ.

ನಮ್ಮಲ್ಲಿ ಇನ್ನೊಂದು ತೊಡಕು. ಇಂಥ ಪ್ರಶ್ನಾವಳಿ ಕೊಟ್ಟರೆ ನಮ್ಮ ಮಕ್ಕಳು ಪರೀಕ್ಷೆ ಬರೆದ ಹಾಗೆ ಗುರುತು ಹಾಕುತ್ತಾರೆ. 'ಹಿರಿಯರನ್ನು ಗೌರವಿಸಬೇಕು' ಅಂತ ಒಂದನೇ ಕ್ಲಾಸಿನಿಂದ ಬರೆದು ಅಭ್ಯಾಸ. ಕಾಲಿಗೆ ನಮಸ್ಕಾರ ಮಾಡಿಸುವ ಮನೆಗಳು ನಮ್ಮವು. ಆದರೆ ಆ ಕಾಲಿನ ಉಗುರು ಕತ್ತರಿಸುವ ಕೆಲಸ ಬಂದಾಗ ಯಾರು ಮಾಡಬೇಕು ಅಂತ ಮನೆಯಲ್ಲಿ ಮುಖ ಮುಖ ನೋಡಿಕೊಳ್ಳುತ್ತಾರೆ. ಗೌರವಕ್ಕೂ ಆರೈಕೆಗೂ ನಡುವೆ ಇರುವ ಈ ಕಂದಕದಲ್ಲೇ ನೀನೀಗ ನಿಂತಿದ್ದೀಯ.

ಪಾಠದ ವಿಷಯಕ್ಕೆ ಬಂದರೆ, ನಿನಗೇ ಗೊತ್ತು. ಮಕ್ಕಳ ಶುಶ್ರೂಷೆಗೆ ಬೇರೆ ವಿಷಯ, ಬೇರೆ ಪೇಪರ್. ವಯಸ್ಸಾದವರದ್ದು ಅಡಲ್ಟ್ ಹೆಲ್ತ್ ನರ್ಸಿಂಗ್ ಎರಡನೇ ಭಾಗದ ಒಳಗೆ ಒಂದು ಯೂನಿಟ್. ಹಳೇ ಸಿಲಬಸ್‌ನಲ್ಲಂತೂ ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ಅಂತ ಬರೆದು ಬ್ರ್ಯಾಕೆಟ್ಟಿನಲ್ಲಿ 'ವೃದ್ಧರೂ ಸೇರಿ' ಅನ್ನೋ ಥರ ಇತ್ತು. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ. 2031ಕ್ಕೆ ಅದು 19.4 ಕೋಟಿ ಆಗುತ್ತದೆ ಅಂತ ಸರ್ಕಾರದ ಅಂದಾಜು. ಅಷ್ಟು ಜನರನ್ನು ಬ್ರ್ಯಾಕೆಟ್ಟಿನಲ್ಲಿಟ್ಟು ಪಾಠ ಮಾಡಿದರೆ ಮಕ್ಕಳಿಗೆ ಏನು ಅರ್ಥವಾಗುತ್ತದೆ? ಇದು ಅಷ್ಟೇನೂ ಮುಖ್ಯವಲ್ಲ ಅಂತ, ಅಲ್ವಾ?

ಸೀನಿಯರ್‌ಗಳು 'ಆಯಾ ಕೆಲಸ' ಅಂದದ್ದಕ್ಕೂ ಬೇರು ಇಲ್ಲೇ ಇದೆ. ನಮ್ಮ ಆಸ್ಪತ್ರೆಗಳಲ್ಲಿ ಮೈ ಒರೆಸುವುದು, ತಿನ್ನಿಸುವುದು, ಬೆಡ್‌ಪ್ಯಾನ್ ಕೊಡುವುದು ಇವೆಲ್ಲ ಪೇಷೆಂಟ್ ಕಡೆಯವರ ತಲೆ ಮೇಲೆ. ಸೊಸೆಯೋ ಮಗಳೋ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿರುತ್ತಾರೆ. ನರ್ಸ್ ಇಂಜೆಕ್ಷನ್ ಕೊಟ್ಟು, ಡ್ರಿಪ್ ನೋಡಿ, ಫೈಲ್ ಬರೆದು ಹೋಗುತ್ತಾಳೆ. ಜೊತೆಗೆ ಯಾರೂ ಇಲ್ಲದ ಪೇಷೆಂಟ್ ಬಂದಾಗ ಆ ಕೆಲಸ ಸ್ಟೂಡೆಂಟ್ ಪಾಲಿಗೆ ಬರುತ್ತದೆ, ಅದೂ ಶಿಕ್ಷೆಯ ಥರ. ಮನೆಯಲ್ಲಿ ಮುದುಕರನ್ನು ನೋಡಿಕೊಳ್ಳಲು ಏಜೆನ್ಸಿಯವರು ಕಳಿಸುವ, ಒಂದು ದಿನವೂ ನರ್ಸಿಂಗ್ ಓದದ ಹುಡುಗಿಯನ್ನು ಜನ 'ಹೋಮ್ ನರ್ಸ್' ಅಂತಾರೆ. ಆ ಹುಡುಗಿಯರ ಬಗ್ಗೆ ನನಗೆ ಗೌರವವಿದೆ, ಎಷ್ಟೋ ಮನೆ ನಡೆಯುತ್ತಿರುವುದೇ ಅವರಿಂದ. ಆದರೆ ನಾಲ್ಕು ವರ್ಷ ಓದುವ ಮಕ್ಕಳಿಗೆ ಇದರಿಂದ ಒಂದು ತಪ್ಪು ಸಂದೇಶ ಹೋಗಿದೆ. ಮುದುಕರನ್ನು ನೋಡಿಕೊಳ್ಳಲು ಓದು ಬೇಕಿಲ್ಲ, ತಾಳ್ಮೆ ಇದ್ದರೆ ಸಾಕು ಅಂತ.

ಓದು ಎಷ್ಟು ಬೇಕು ಅನ್ನೋದು ನನಗೆ ಗೊತ್ತಾದದ್ದು ನನ್ನದೇ ತಪ್ಪಿನಿಂದ. ಆಗ ನಾನೂ ಮೂರನೇ ವರ್ಷ. ಎಪ್ಪತ್ತೆಂಟು ವರ್ಷದ ಒಬ್ಬ ಅಜ್ಜ. ಬಂದ ಎರಡು ದಿನ ಗಲಾಟೆ, ಮಂಚದಿಂದ ಇಳಿಯಲು ನೋಡುತ್ತಿದ್ದರು. ಮೂರನೇ ದಿನ ತೆಪ್ಪಗಾದರು. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದರು. ನನಗೆ ಹಾಯೆನಿಸಿತು. ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ 'ಪೇಷೆಂಟ್ ಶಾಂತವಾಗಿ ನಿದ್ದೆ ಮಾಡುತ್ತಿದ್ದಾರೆ' ಅಂತ ಹೇಳಿದೆ. ಇಂಚಾರ್ಜ್ ಸಿಸ್ಟರ್ ಬಂದು ಹೊದಿಕೆ ಸರಿಸಿ ಕಿಬ್ಬೊಟ್ಟೆ ಮೇಲೆ ಕೈ ಇಟ್ಟರು. ಕಲ್ಲಿನ ಹಾಗಿತ್ತು. ಮೂತ್ರ ಕಟ್ಟಿಕೊಂಡಿತ್ತು. ಮೂತ್ರ ಹೊರತೆಗೆಯುವ ನಳಿಕೆ, ಕ್ಯಾಥೆಟರ್, ಹಾಕಿದಾಗ ಒಂದು ಲೀಟರ್‌ಗೆ ಸ್ವಲ್ಪ ಕಮ್ಮಿ ಬಂತು. ಮಾರನೇ ದಿನ ಅಜ್ಜ ನನ್ನನ್ನು ನೋಡಿ 'ಕಾಫಿ ಸಿಗ್ತದಾ?' ಅಂದರು. ಸಿಸ್ಟರ್ ನನ್ನನ್ನು ಬೈಯಲಿಲ್ಲ. 'ಗಲಾಟೆ ಮಾಡೋರನ್ನ ಎಲ್ಲರೂ ನೋಡ್ತಾರೆ. ಸುಮ್ನೆ ಮಲಗಿರೋರನ್ನ ನೋಡೋಕೇ ನರ್ಸ್ ಬೇಕು' ಅಂದರು. ಅಷ್ಟೇ.

ಅದು ಡೆಲಿರಿಯಂ, ಅಂದರೆ ಮೈಯಲ್ಲಿನ ಏನೋ ತೊಂದರೆಯಿಂದ ದಿಢೀರನೆ ಮನಸ್ಸು ಗಲಿಬಿಲಿಯಾಗುವುದು. ಅದರಲ್ಲೂ ಸದ್ದಿಲ್ಲದ ಬಗೆಯದು. ಪುಸ್ತಕದಲ್ಲಿ ಓದಿದ್ದೆ, ಎದುರಿಗೆ ಬಂದಾಗ ಗುರುತಾಗಲಿಲ್ಲ. ನಿನ್ನ ವಾರ್ಡಿನಲ್ಲಿ ಒಂದೇ ಪ್ರಶ್ನೆ ಹತ್ತು ಸಲ ಕೇಳುವವರನ್ನೂ ಈ ಕಣ್ಣಿನಿಂದ ನೋಡು. ಮೊದಲು ಮನೆಯವರನ್ನು ಕೇಳು: 'ಹೋದ ವಾರವೂ ಹೀಗೇ ಇದ್ದರಾ?' ವರ್ಷಗಟ್ಟಲೆಯಿಂದ ನಿಧಾನಕ್ಕೆ ಬಂದಿದ್ದರೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರಬಹುದು. ಮೊನ್ನೆ ಮೊನ್ನೆ ಶುರುವಾಗಿ, ಬೆಳಿಗ್ಗೆ ಸರಿಯಿದ್ದು ಸಂಜೆ ಕೆಡುತ್ತಿದ್ದರೆ ಡೆಲಿರಿಯಂ ಅಂತ ಅನುಮಾನ ಪಡು. ಶನಿವಾರದಿಂದ ಹಿಂದಕ್ಕೆ ವಾರಗಳ ಹೆಸರು ಹೇಳಿಸು. ಓದು ಬಾರದವರೂ ಇದನ್ನು ಹೇಳುತ್ತಾರೆ. ಗಮನ ನಿಲ್ಲದವರು ಎರಡು ವಾರ ಹೇಳುವಷ್ಟರಲ್ಲಿ ದಾರಿ ತಪ್ಪುತ್ತಾರೆ. ಆಮೇಲೆ ಕಾರಣ ಹುಡುಕು. ಮೂತ್ರದ ಸೋಂಕಾ? ಜ್ವರ ಇಲ್ಲದೆಯೂ ಇರಬಹುದು, ಈ ವಯಸ್ಸಿನಲ್ಲಿ ಸೋಂಕಿದ್ದರೂ ಮೈ ಬಿಸಿಯಾಗದೇ ಇರುವುದುಂಟು. ನಾಲ್ಕು ದಿನದಿಂದ ಕಕ್ಕಸಾಗಿಲ್ಲವಾ? ನೀರು ಕುಡಿದಿದ್ದಾರಾ? ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಮ್ಮಿಯಾಗುತ್ತದೆ. ರಕ್ತದಲ್ಲಿ ಸೋಡಿಯಂ ಎಷ್ಟಿದೆ? ನಿನ್ನೆ ರಾತ್ರಿ ಹೊಸ ಮಾತ್ರೆ ಶುರು ಮಾಡಿದರಾ? ತುರಿಕೆಗೆ ಕೊಡುವ ಅವಿಲ್‌ನಂಥ ಸಾಮಾನ್ಯ ಔಷಧಿಯೂ ವಯಸ್ಸಾದವರ ತಲೆ ಕೆಡಿಸಬಲ್ಲದು. ಕನ್ನಡಕ ಎಲ್ಲಿ? ಹಲ್ಲಿನ ಸೆಟ್ ಎಲ್ಲಿ? ಎಷ್ಟೋ ಸಲ ಎರಡೂ ಮನೆಯಲ್ಲೇ ಉಳಿದಿರುತ್ತವೆ.

ಐಸಿಯುನಲ್ಲಿ ಮಾನಿಟರ್ ಬಡಿದುಕೊಂಡು ಹೇಳುತ್ತದೆ. ಇಲ್ಲಿ ಹೇಳುವವರು ಯಾರೂ ಇಲ್ಲ. ಹೃದಯಾಘಾತಕ್ಕೆ ಎದೆನೋವೇ ಬರದೆ ಬರೀ ಸುಸ್ತು, ಉಬ್ಬಸ ಬರಬಹುದು. ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದವರು 'ಸ್ವಲ್ಪ ನೋವು ಕಣವ್ವ' ಅಂತ ಸುಮ್ಮನಿರಬಹುದು. ನನ್ನನ್ನು ಕೇಳಿದರೆ ಆಸ್ಪತ್ರೆಯಲ್ಲಿ ಅತಿ ಹೆಚ್ಚು ತಲೆ ಓಡಿಸಬೇಕಾದ ಜಾಗ ಈ ವಾರ್ಡೇ.

ಈಗ ಡೈಪರ್. ಅಸಹ್ಯ ಆಗುತ್ತದೆ ಅಂತ ನೀನು ಹೇಳಿಕೊಂಡೆಯಲ್ಲ, ಒಳ್ಳೆಯದು. ಆಗಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ. ಮಾಸ್ಕ್ ಒಳಗೆ ಮೂಗಿನ ಕೆಳಗೆ ಚೂರು ವಿಕ್ಸ್ ಹಚ್ಚಿಕೋ. ಬೇಕಾದ್ದನ್ನೆಲ್ಲ ಮೊದಲೇ ಜೋಡಿಸಿಟ್ಟುಕೋ, ನಡುವೆ ಎದ್ದು ಓಡಬಾರದು. ಪರದೆ ಎಳೆ. ಒಬ್ಬಳೇ ಹೋಗಬೇಡ, ಇಬ್ಬರಿದ್ದರೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಗೊತ್ತಲ್ಲ. ಇಷ್ಟೆಲ್ಲ ಕೈಗೆ ಸಂಬಂಧಿಸಿದ್ದು. ಕಣ್ಣಿಗೂ ಒಂದು ಕೆಲಸ ಕೊಡು. ಮಗ್ಗುಲಿಗೆ ಹೊರಳಿಸಿದಾಗ ಬೆನ್ನಿನ ಬುಡದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ ನೋಡು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದರೆ ಬಿಳಿಚಿಕೊಳ್ಳದಿದ್ದರೆ ಅದು ಬೆಡ್‌ಸೋರಿನ, ಅಂದರೆ ಒಂದೇ ಕಡೆ ಮಲಗಿ ಆಗುವ ಹುಣ್ಣಿನ, ಮೊದಲ ಹೆಜ್ಜೆ. ಹೀಗಂತ ಪುಸ್ತಕ ಹೇಳುತ್ತದೆ. ಆದರೆ ಆ ಪುಸ್ತಕ ಬರೆದವರ ಕಣ್ಣ ಮುಂದೆ ಇದ್ದದ್ದು ಬಿಳಿ ಚರ್ಮ. ನಮ್ಮವರ ಕಪ್ಪು ಮೈಮೇಲೆ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಕೈಯ ಹಿಂಭಾಗದಿಂದ ಮುಟ್ಟಿ ನೋಡು, ಸುತ್ತಲಿನ ಜಾಗಕ್ಕಿಂತ ಬಿಸಿಯಿದೆಯಾ, ಗಟ್ಟಿಯಾಗಿದೆಯಾ, ಬಣ್ಣ ಇನ್ನೂ ಕಂದಿದೆಯಾ ಅಂತ. ಒಂದು ಸಲ ನೀನು ಇದನ್ನು ಮೊದಲೇ ಹಿಡಿದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಹುಣ್ಣಾಗದ ಹಾಗೆ ತಡೆದೆ ಅಂತಿಟ್ಟುಕೋ. ಆಮೇಲೆ ಡೈಪರ್ ಬಿಚ್ಚುವಾಗ ನಿನ್ನ ಮನಸ್ಸು ವಾಸನೆಯ ಕಡೆ ಹೋಗುವುದು ಕಮ್ಮಿಯಾಗುತ್ತದೆ. ನನ್ನ ಸ್ಟೂಡೆಂಟ್‌ಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಎಲ್ಲರಲ್ಲೂ ಅಲ್ಲ, ಬಹಳ ಜನರಲ್ಲಿ.

ಒಂದು ಮುದ್ದೆ ಕಥೆ ಹೇಳುತ್ತೇನೆ. ನೀನು ಹಾಸನದ ಕಡೆಯವಳು, ನಿನಗೆ ಬೇಗ ಅರ್ಥವಾದೀತು. ಒಬ್ಬ ಅಜ್ಜಿ ದಿನಾ ರೌಂಡ್ಸ್‌ಗೆ ಬಂದ ಡಾಕ್ಟರಿಗೆ 'ಎಂಟು ದಿನ ಆಯ್ತು, ಉಂಡಿಲ್ಲ' ಅನ್ನುತ್ತಿದ್ದರು. ತಟ್ಟೆ ಖಾಲಿಯಾಗಿದ್ದನ್ನು ನಾವೇ ನೋಡಿದ್ದೆವು. ಫೈಲಿನಲ್ಲಿ ಮರೆವು ಅಂತ ಬರೆದಾಯಿತು. ಕೇರಳದಿಂದ ಬಂದ ಒಬ್ಬ ವಿದ್ಯಾರ್ಥಿನಿ, ಕನ್ನಡ ಆಗತಾನೇ ಕಲಿಯುತ್ತಿದ್ದವಳು, ಪದ ಅರ್ಥವಾಗದೆ ಕೇಳಿದಳು: 'ಉಂಡಿಲ್ಲ ಅಂದ್ರೆ ಏನು ಅಜ್ಜಿ?' ಅಜ್ಜಿ ಕೈಯಲ್ಲಿ ಉಂಡೆ ಮಾಡಿ ತೋರಿಸಿದರು. ಆಸ್ಪತ್ರೆಯಲ್ಲಿ ಕೊಡುತ್ತಿದ್ದದ್ದು ಅನ್ನ, ಬ್ರೆಡ್ಡು, ಹಾಲು. ಅವರಿಗೆ ಅದು ತಿನ್ನುವುದು. ಮುದ್ದೆ ನುಂಗಿದರೆ ಉಣ್ಣುವುದು. ಮಗ ಮನೆಯಿಂದ ಮುದ್ದೆ, ಬಸ್ಸಾರು ತಂದುಕೊಟ್ಟ ದಿನ 'ಮರೆವು' ವಾಸಿಯಾಯಿತು. ನಮ್ಮ ಸೀಮೆಯಲ್ಲೇ ಹುಟ್ಟಿ ಬೆಳೆದ ನಾವು ಎಂಟು ಜನ ಕೇಳದ ಪ್ರಶ್ನೆಯನ್ನು ಭಾಷೆ ಬಾರದವಳು ಕೇಳಿದ್ದಳು. ನಮಗೆಲ್ಲ ಗೊತ್ತಿದೆ ಅನ್ನಿಸಿದ ಕಡೆ ನಾವು ಕೇಳುವುದನ್ನೇ ಬಿಟ್ಟುಬಿಡುತ್ತೇವೆ.

ಮಾತಿನ ವಿಷಯ. ನಿನ್ನನ್ನು ನೀನು ಅನ್ನುವ ಮೊದಲು ನಾನು ಕೇಳಿದೆ. ವಾರ್ಡಿನಲ್ಲಿ ಯಾರು ಕೇಳುತ್ತಾರೆ? 'ಏನ್ ಪುಟ್ಟಾ, ಮಾತ್ರೆ ನುಂಗ್ತೀಯಾ? ಜಾಣೆ!' ಅಂತ ಎಂಬತ್ತರ ಹೆಂಗಸಿಗೆ ಹೇಳುತ್ತೇವೆ. ಇಲ್ಲವೇ 'ಹನ್ನೆರಡನೇ ಬೆಡ್ಡಿಂದು ಮತ್ತೆ ಒದ್ದೆ ಆಯ್ತು' ಅಂತ ಅವರಿಗೆ ಕೇಳುವ ಹಾಗೇ ಕೂಗುತ್ತೇವೆ. ಮುದ್ದು ಮಾಡುವುದೂ ಒಂದು ಥರದ ಅವಮಾನವೇ. ಅಮೆರಿಕದ ವೃದ್ಧರ ಆರೈಕೆ ಕೇಂದ್ರಗಳಲ್ಲಿ ವಿಡಿಯೋ ಮಾಡಿ ನೋಡಿದ ಒಂದು ಸಂಶೋಧನೆ 2009ರಲ್ಲಿ ಬಂತು. ಡಿಮೆನ್ಷಿಯಾ ಇರುವವರ ಜೊತೆ ಮಗುವಿಗೆ ಮಾತಾಡಿದ ಹಾಗೆ ಮಾತಾಡಿದಾಗ ಅವರು ಆರೈಕೆಗೆ ಅಡ್ಡಿ ಮಾಡುವುದು ಜಾಸ್ತಿಯಾಗಿತ್ತು. ದೊಡ್ಡವರಿಗೆ ಮಾತಾಡಿದ ಹಾಗೆ ಮಾತಾಡಿದಾಗ ಕಮ್ಮಿ. 'ಹಠ ಮಾಡ್ತಾರೆ' ಅಂತ ನಾವು ದೂರುವ ಹಠದಲ್ಲಿ ನಮ್ಮ ಪಾಲೂ ಇದೆ.

ಅಜ್ಜಿ ಅನ್ನಬಹುದಾ? ನಮ್ಮ ಕಡೆ ಅನ್ನಬಹುದು, ಆದರೆ 'ನೀವು' ಸೇರಿಸಿ ಅನ್ನು. ಕೆಲವರಿಗೆ 'ಅಮ್ಮ' ಇಷ್ಟ, ನಿವೃತ್ತ ಶಿಕ್ಷಕಿಯೊಬ್ಬರು ನನಗೆ 'ಟೀಚರ್ ಅಂತ ಕರಿ' ಅಂದಿದ್ದರು. ಕೇಳಿಬಿಡು, ಕೇಳೋಕೆ ಏನು ಖರ್ಚು? ಕಿವಿ ಮಂದ ಅಂತ ಕಿರುಚಬೇಡ. ವಯಸ್ಸಾದಾಗ ಮೊದಲು ಹೋಗುವುದು ಏರು ಸ್ವರ ಕೇಳುವ ಶಕ್ತಿ. ಕಿರುಚಿದರೆ ನಿನ್ನ ದನಿ ಇನ್ನೂ ಏರುತ್ತದೆ. ಸ, ಶ, ತ ಇಂಥ ಸದ್ದುಗಳು ಕಳೆದುಹೋಗುತ್ತವೆ. 'ಸಾರು ಬೇಕಾ' ಅಂದರೆ 'ಯಾರು ಬೇಕಾ' ಅಂತ ಕೇಳಿಸೀತು. ಎದುರಿಗೆ ಹೋಗಿ, ಮಾಸ್ಕ್ ತೆಗೆಯಬಹುದಾದ ಕಡೆ ತೆಗೆದು, ತಗ್ಗಿದ ದನಿಯಲ್ಲಿ ನಿಧಾನಕ್ಕೆ ಹೇಳು.

ವಯಸ್ಸಾದ ಮೈಯಲ್ಲಿ ಇರುವುದು ಹೇಗನ್ನಿಸುತ್ತದೆ ಅಂತ ತಿಳಿಯೋಕೆ, ಬಿಡುವಿದ್ದ ಭಾನುವಾರ ಹಾಸ್ಟೆಲ್‌ನಲ್ಲಿ ಗೆಳತಿಯರ ಜೊತೆ ಒಂದು ಆಟ ಆಡಿ. ಶೂ ಒಳಗೆ ಒಂದು ಹಿಡಿ ಕಡಲೆಕಾಳು ಹಾಕಿಕೊಳ್ಳಿ. ಕಿವಿಗೆ ಹತ್ತಿ. ಹಳೆಯ ಕನ್ನಡಕಕ್ಕೆ ವ್ಯಾಸಲಿನ್ ಸವರಿ ಹಾಕಿಕೊಳ್ಳಿ. ಕೈಗೆ ಎರಡೆರಡು ಗ್ಲೌಸ್. ಹೀಗೆ ಮೆಟ್ಟಿಲು ಹತ್ತಿ ಬಂದು ರವಿಕೆ ಹುಕ್ಕು ಹಾಕಿ ನೋಡಿ. ಪಕ್ಕದಲ್ಲೊಬ್ಬಳು 'ಬೇಗ ಬೇಗ' ಅಂತ ಹೇಳುತ್ತಿರಲಿ. ಅನೇಕ ದೇಶಗಳ ನರ್ಸಿಂಗ್ ಶಾಲೆಗಳಲ್ಲಿ ಇದಕ್ಕೆ ದುಬಾರಿ ಸೂಟ್ ಇದೆ, ನಮಗೆ ಕಡಲೆಕಾಳು ಸಾಕು. ನನ್ನ ಕ್ಲಾಸಿನಲ್ಲಿ ನಗುತ್ತಾ ಶುರು ಮಾಡಿದವರು ಹತ್ತು ನಿಮಿಷಕ್ಕೆ ರೇಗುತ್ತಿದ್ದರು. ಹೇಳಲೇಬೇಕಾದ ಒಂದು ಎಚ್ಚರಿಕೆ ಇದೆ. ಇದರಿಂದ ಬರೀ 'ಅಯ್ಯೋ ಪಾಪ' ಹುಟ್ಟುವ ಅಪಾಯವೂ ಉಂಟು. ನೀನು ವಾರ್ಡಿನಲ್ಲಿ ನೋಡುತ್ತಿರುವುದು ಕಾಯಿಲೆ ಬಿದ್ದವರನ್ನು ಮಾತ್ರ. ಎಪ್ಪತ್ತರಲ್ಲೂ ಹಾಲು ಕರೆಯುವವರು, ಸಂತೆಯಲ್ಲಿ ಸೊಪ್ಪು ಮಾರುವವರು, ಸಂಘದ ಲೆಕ್ಕ ನೋಡುವವರು ಅಲ್ಲಿಗೆ ಬರುವುದಿಲ್ಲ. ಕಮ್ಯೂನಿಟಿ ಪೋಸ್ಟಿಂಗ್ ಬಂದಾಗ ಬಿಪಿ ನೋಡುವ ನೆಪದಲ್ಲಿ ಅಂಥವರ ಜಗಲಿ ಮೇಲೆ ಅರ್ಧ ಗಂಟೆ ಕೂತು ಬಾ. ನಿಜ ಹೇಳಬೇಕೆಂದರೆ ನಾವು ಅಲ್ಲಿಂದಲೇ ಶುರು ಮಾಡಬೇಕು, ಮೆಡಿಕಲ್ ವಾರ್ಡಿಗೆ ಆಮೇಲೆ ಕಳಿಸಬೇಕು. ನಾವು ಮಾಡುವುದು ಉಲ್ಟಾ.

ಜರ್ಮನಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಮೈ ತೊಳೆಸುವುದು, ಬಟ್ಟೆ ಹಾಕಿಸುವುದು, ತಿನ್ನಿಸುವುದು ನರ್ಸ್ ಕೆಲಸದ ಭಾಗವೇ. ಪೇಷೆಂಟ್ ಕಡೆಯವರು ಚಾಪೆ ಹಾಸಿಕೊಂಡು ಮಲಗುವ ಪದ್ಧತಿ ಇಲ್ಲ. 2020ರಿಂದ ಅಲ್ಲಿ ವೃದ್ಧರ ಶುಶ್ರೂಷೆ, ಮಕ್ಕಳ ಶುಶ್ರೂಷೆ, ಸಾಮಾನ್ಯ ಶುಶ್ರೂಷೆ ಅಂತ ಬೇರೆ ಬೇರೆ ಇದ್ದ ತರಬೇತಿಗಳನ್ನು ಒಂದೇ ಮಾಡಿದ್ದಾರೆ. ಇಲ್ಲಿಂದ ಹೋದ ಎಷ್ಟೋ ಮಕ್ಕಳು 'ಡಿಗ್ರಿ ಮಾಡಿ ಇದನ್ನು ಮಾಡಬೇಕಾ' ಅಂತ ಮೊದಲ ತಿಂಗಳು ಅಳುತ್ತಾರೆ. ಹೋಗುವುದಾದರೆ ಒಪ್ಪಂದದಲ್ಲಿ ಆಸ್ಪತ್ರೆ ಅಂತಿದೆಯಾ, ವೃದ್ಧರ ಆರೈಕೆ ಕೇಂದ್ರ ಅಂತಿದೆಯಾ ಓದಿಸಿಕೋ. ಸಂಬಳ ಒಂದನ್ನೇ ನೋಡಿ ಹೋಗಬೇಡ. ಇಲ್ಲೇ ಇರುವುದಾದರೆ, ಈ ವಿಷಯ ಹಿಡಿಸಿದರೆ, ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದಕ್ಕೆಂದೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಯಸ್ಸಾದವರ ಮನೋವೈದ್ಯಕ್ಕೆ ಪ್ರತ್ಯೇಕ ಘಟಕವಿದೆ, ಅವಕಾಶ ಸಿಕ್ಕರೆ ಹೋಗಿ ನೋಡು. ಹಿಡಿಸದಿದ್ದರೆ ಬೇರೆ ವಿಭಾಗಕ್ಕೆ ಹೋಗು, ಯಾವ ಪಾಪವೂ ಬರುವುದಿಲ್ಲ. ಹೆರಿಗೆ ಮತ್ತು ಮಕ್ಕಳ ವಾರ್ಡ್ ಬಿಟ್ಟರೆ ಎಲ್ಲಿ ಹೋದರೂ ವಯಸ್ಸಾದವರು ಸಿಗುತ್ತಾರೆ ಅನ್ನೋದು ಮಾತ್ರ ನೆನಪಿರಲಿ. ನಿನ್ನ ಸೀನಿಯರ್‌ಗಳ ಐಸಿಯುನಲ್ಲಿ ಯಾರು ಮಲಗಿದ್ದಾರೆ, ವಯಸ್ಸೆಷ್ಟು ಅಂತ ಒಮ್ಮೆ ಎಣಿಸಿ ಬಾ.

ಆ ಅಜ್ಜಿ ಇನ್ನೂ ಡಿಸ್ಚಾರ್ಜ್ ಆಗಿರದಿದ್ದರೆ ನಾಳೆ ಡ್ಯೂಟಿಗೆ ಹೋದ ಕೂಡಲೇ ಅವರ ಹತ್ತಿರ ಹೋಗು. ಕಣ್ಣಿಗೆ ಕಣ್ಣು ಸೇರುವಷ್ಟು ತಗ್ಗಿ ಕೂತುಕೋ. 'ಮೊನ್ನೆ ನಿಮ್ಮ ಮೇಲೆ ಕೂಗಿದೆ, ತಪ್ಪಾಯ್ತು' ಅನ್ನು. ಅವರಿಗೆ ಅದು ನೆನಪೇ ಇಲ್ಲದಿರಬಹುದು, ಆದರೂ ಹೇಳು. ಎಲ್ಲರೆದುರು ಗದರಿದ್ದೀಯ, ಇದನ್ನೂ ಪಕ್ಕದ ಮಂಚದವರಿಗೆ ಕೇಳುವ ಹಾಗೆ ಹೇಳು. ಆಮೇಲೆ ಅವರು ಹತ್ತು ಸಲ ಕೇಳುತ್ತಿದ್ದ ಪ್ರಶ್ನೆ ಯಾವುದು ಅಂತ ನೆನಪು ಮಾಡಿಕೋ. ಪತ್ರದಲ್ಲಿ ನೀನು ಅದನ್ನು ಬರೆದೇ ಇಲ್ಲ.